ನಾಲ್ಕನೆಯ ಮೈಕಿನ ಉಸಿರು

“ಇವತ್ತು ನೀವು ಗಾಳಿ ನೋಡ್ಲಿಲ್ಲ, ಮಾಮ.”

ಇನ್ಸ್‌ಪೆಕ್ಟರಮ್ಮ ಈ ಮಾತನ್ನು ಮೆಲ್ಲಗೇ ಹೇಳಿದ್ದು. ಆದರೂ ಸೌಂಡು ಮಾಮನ ಕೈ ಬ್ಯಾಟರಿ ಡಬ್ಬಿಯ ಮೇಲೆ ಹಾಗೇ ನಿಂತುಬಿಟ್ಟಿತು.

ಮಧ್ಯಾಹ್ನದ ಸಭಾಂಗಣ. ವೇದಿಕೆಯ ಮೇಲಿನ ಕೆಲಸದ ದೀಪವೊಂದು ಬಿಟ್ಟರೆ ಉಳಿದದ್ದೆಲ್ಲ ಕತ್ತಲು. ಮೊದಲ ಸಾಲಿನಲ್ಲಿ ಗಾಯಕಿಯ ತಾಯಿ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದುಕೊಂಡು ಅಳಿಯ, ಗಾಯಕಿಯ ಗಂಡ, ನಿಂತಿದ್ದ.

ಹೋದ ವಾರ ಇದೇ ವೇದಿಕೆಯಲ್ಲಿ, ಹಾಡಿನ ನಡುವೆ ದೀಪ ಆರಿ ಮತ್ತೆ ಹೊತ್ತಿಕೊಳ್ಳುವಷ್ಟರಲ್ಲಿ ಗಾಯಕಿ ಮಾಯವಾಗಿದ್ದಳು. ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ವೈರಿಲ್ಲದ ನಾಲ್ಕನೆಯ ಮೈಕೂ ಅವಳ ಜೊತೆಗೇ ಹೋಗಿತ್ತು. ಅವಳು ಕ್ಷೇಮವಾಗಿ ಮರಳಲಿ ಎಂದು ಇವತ್ತು ಸಂಜೆ ಸಂಗೀತಸಭೆ. ಏರ್ಪಾಡೆಲ್ಲ ಅವಳ ಗಂಡನದೇ.

ಇನ್ಸ್‌ಪೆಕ್ಟರಮ್ಮನಿಗೆ ಪೊಲೀಸ್ ಕೆಲಸದಿಂದ ನಿವೃತ್ತಿಯಾಗಿ ಬಹಳ ಕಾಲವಾಗಿತ್ತು, ಹೆಸರಿಗೆ ಮಾತ್ರ ಆಗಿರಲಿಲ್ಲ. ಈ ಕೇಸಿಗೆ ಅವರನ್ನು ಎಳೆದು ತಂದವರು ಗಾಯಕಿಯ ತಾಯಿ. ಮನೆಗೆ ಬಂದು ಜಗಲಿಯ ಮೇಲೆ ಕೂತು ಆಕೆ ಕೇಳಿದ್ದು ಒಂದೇ ಮಾತು: “ಇದ್ದಾಳಾ, ಇಲ್ವಾ? ಅಷ್ಟು ಹೇಳಮ್ಮ, ಸಾಕು.” ಆ ಅಷ್ಟನ್ನು ಹೇಳಲು ಇವರಿಗೆ ಇನ್ನೂ ಆಗಿರಲಿಲ್ಲ.

“ನೋಡ್ತೀನಿ ಮೇಡಂ, ನೋಡ್ದೆ ಇರ್ತೀನಾ,” ಎಂದ ಮಾಮ. “ಮೊದಲು ಒಂದು ಮೈಕ್ ಟೆಸ್ಟ್ ಮಾಡ್ಬಿಡೋಣ ಅಂತ.”

ಹೇಳುತ್ತಲೇ ಅವನ ಎಡಗೈ ಸೌಂಡು ಮೇಜಿನ ಅಂಚಿನಲ್ಲಿದ್ದ ಹಳದಿ ಗುಂಡಿಯ ಕಡೆ ಹೋಯಿತು. ಅದರ ಕೆಳಗೆ ‘ಮಹಡಿ’ ಎಂದು ಬರೆದಿತ್ತು. ಅದನ್ನು ಒತ್ತಿದರೆ ಮೈಕಿನ ಮಾತು ಮೇಲಿನ ಮಹಡಿಗಳ ಓಣಿಯಲ್ಲಿರುವ ಸಣ್ಣ ಸ್ಪೀಕರುಗಳಿಗೂ ಹೋಗುತ್ತದೆ. ಬಣ್ಣದ ಕೋಣೆಯಲ್ಲಿ ಹರಟೆ ಹೊಡೆಯುತ್ತ ಕೂತ ಕಲಾವಿದರನ್ನು ಕೂಗಿ ಕರೆಯಲು ಮಾಡಿದ ಏರ್ಪಾಡು ಅದು. ಈಗ ಮೇಲೆ ಕರೆಯುವುದಕ್ಕೆ ಒಂದು ನರಪಿಳ್ಳೆಯೂ ಇರಲಿಲ್ಲ.

“ಟೆಸ್ಟು ಆಮೇಲೆ. ಮೊದಲು ಗಾಳಿ,” ಎಂದರು ಇನ್ಸ್‌ಪೆಕ್ಟರಮ್ಮ.

ಗಾಳಿ ನೋಡುವುದು ಎಂದರೆ ಈ ಮಾಮನ ಸ್ವಂತ ವ್ರತ. ಕಾರ್ಯಕ್ರಮಕ್ಕೆ ಮೊದಲು ಅವನು ವೈರಿಲ್ಲದ ಮೈಕುಗಳ ಬ್ಯಾಟರಿಗಳನ್ನೆಲ್ಲ ಕಿತ್ತು ಹೊರಗಿಡುತ್ತಾನೆ. ಆಫ್ ಮಾಡಿದ ಮೈಕನ್ನು ಅವನು ನಂಬುವುದಿಲ್ಲ, ಯಾರದೋ ಬೆರಳು ತಗುಲಿ ಆನ್ ಆಗಬಹುದು. ಹೊಟ್ಟೆ ಖಾಲಿಯಿದ್ದ ಮೈಕು ಮಾತ್ರ ನಂಬಿಕಸ್ತ. ಆಮೇಲೆ ಆ ಮೈಕುಗಳ ಮಾತು ಹಿಡಿಯುವ ಪೆಟ್ಟಿಗೆಗಳನ್ನು ಆನ್ ಮಾಡಿ ಅವುಗಳ ದೀಪ ನೋಡುತ್ತಾನೆ. ಮೈಕುಗಳೆಲ್ಲ ಸತ್ತು ಮಲಗಿರುವಾಗ ಒಂದು ದೀಪವೂ ಹೊತ್ತಬಾರದು. ಹೊತ್ತಿತೋ, ಗಾಳಿಯಲ್ಲಿ ಬೇರೆಯವರ ಧ್ವನಿ ಓಡಾಡುತ್ತಿದೆ ಎಂದು ಲೆಕ್ಕ.

ಈ ವ್ರತ ಅವನಿಗೆ ಹಿಡಿದದ್ದಕ್ಕೂ ಕಾರಣವಿತ್ತು. ಒಮ್ಮೆ ಇಲ್ಲಿ ಶೋಕಸಭೆ ನಡೆಯುವಾಗ ಪಕ್ಕದ ಕಟ್ಟಡದ ನಗೆಗಾರನ ಮೈಕು ಇವನ ಪೆಟ್ಟಿಗೆಗೆ ನುಗ್ಗಿ, ಸತ್ತವರ ಗುಣಗಾನದ ನಡುವೆ ಹೆಂಡತಿಯ ಅಡುಗೆಯ ಮೇಲಿನ ಜೋಕೊಂದು ಸ್ಪೀಕರಿನಲ್ಲಿ ಮೊಳಗಿತ್ತು. ಸತ್ತವರ ಹೆಂಡತಿ ಎದುರಿಗೇ ಕೂತಿದ್ದರು. ಹಲ್ಲುಜ್ಜುವುದು ತಪ್ಪಿದರೂ ತಪ್ಪೀತು, ಅಂದಿನಿಂದ ಇದು ತಪ್ಪಿಲ್ಲ ಎಂದು ಮೊನ್ನೆಯಷ್ಟೇ ಅವನು ಎದೆಯುಬ್ಬಿಸಿ ಹೇಳಿಕೊಂಡಿದ್ದ.

ಅಂಥವನು ಇವತ್ತು ತಪ್ಪಿಸಿದ. ಇಡೀ ಸೇವೆಯಲ್ಲಿ ಇನ್ಸ್‌ಪೆಕ್ಟರಮ್ಮ ಕಲಿತ ಪಾಠಗಳಲ್ಲಿ ಇದೂ ಒಂದು. ದಿನಾ ಮಾಡುವುದನ್ನು ಒಬ್ಬ ಇದ್ದಕ್ಕಿದ್ದಂತೆ ಬಿಟ್ಟರೆ ಅವನ ಜೇಬು ತಡಕಬೇಕು.

ಮಾಮ ಒಲ್ಲದ ಮನಸ್ಸಿನಿಂದ ಮೈಕುಗಳ ಬ್ಯಾಟರಿ ಒಂದೊಂದಾಗಿ ಕಿತ್ತ. ಕಿತ್ತವು ಮೇಜಿನ ಮೇಲೆ ಗುಡ್ಡೆಯಾದವು. ಪೆಟ್ಟಿಗೆಗಳಿದ್ದ ಗಾಜಿನ ಕಪಾಟಿಗೆ ಮೊದಲ ದಿನವೇ ಇನ್ಸ್‌ಪೆಕ್ಟರಮ್ಮ ಕಾಗದದ ಪಟ್ಟಿ ಅಂಟಿಸಿ ಸಹಿ ಹಾಕಿದ್ದರು. ಗಾಯಕಿ ಕಾಣೆಯಾದ ದಿನ ಹೇಗಿತ್ತೋ ಹಾಗೇ ಇರಬೇಕು, ಒಂದು ತಿರುಪನ್ನೂ ಯಾರೂ ಮುಟ್ಟುವಂತಿಲ್ಲ. ಪಟ್ಟಿ ಹರಿದಿರಲಿಲ್ಲ. ಮಾಮ ಗೋಡೆಯ ಸ್ವಿಚ್ಚು ಒತ್ತಿದ.

ಒಂದು, ಎರಡು, ಮೂರು, ಕತ್ತಲು. ನಾಲ್ಕರ ಹಸಿರು ದೀಪ ಹೊತ್ತಿಕೊಂಡಿತು.

ಇನ್ಸ್‌ಪೆಕ್ಟರಮ್ಮ ಮಾಮನ ಮುಖ ನೋಡಿದರು. ಅದು ಕಪ್ಪಿಟ್ಟಿತ್ತು, ಆದರೆ ಅದರಲ್ಲಿ ಆಶ್ಚರ್ಯವಿರಲಿಲ್ಲ. ಅದನ್ನು ಅವರು ಮನಸ್ಸಿನಲ್ಲೇ ಗಂಟು ಹಾಕಿಕೊಂಡರು.

“ಸ್ಪೀಕರಿಗೆ ಹಾಕಿ.”

“ಮೇಡಂ, ಅದು ಯಾವುದೋ ಹೊರಗಿನ ಸಿಗ್ನಲ್...”

“ಹಾಕಿ ಮಾಮ.”

ಮಾಮ ನಾಲ್ಕನೆಯ ಸಾಲಿನ ಗುಬುಟನ್ನು ಮೇಲಕ್ಕೆ ಸರಿಸಿದ. ಮೊದಲು ಏನೂ ಇಲ್ಲ. ಆಮೇಲೆ ಖಾಲಿ ಸಭಾಂಗಣದ ಎರಡೂ ಬದಿಯಿಂದ ಒಂದು ಉದ್ದನೆಯ ಉಸಿರು ಬಂತು. ಎಳೆದುಕೊಂಡಿತು. ನಿಂತಿತು. ಇನ್ನು ಬರುವುದಿಲ್ಲವೇನೋ ಅನ್ನುವಷ್ಟು ಹೊತ್ತು ನಿಂತು, ಮತ್ತೆ ಹೊರಬಿತ್ತು. ಸಾವಿರ ಕುರ್ಚಿಗಳ ನಡುವೆ ಎಲ್ಲೋ ಒಬ್ಬರು ಕಣ್ಣು ಮುಚ್ಚಿ ಮಲಗಿ ಉಸಿರಾಡಿದ ಹಾಗಿತ್ತು.

ಇನ್ಸ್‌ಪೆಕ್ಟರಮ್ಮನ ಮೈ ಜುಮ್ಮೆಂದಿತು. ಹೆಣಗಳ ಪಕ್ಕದಲ್ಲಿ ನಿಂತು ಚಹಾ ಕುಡಿದ ಹೆಂಗಸು ಅವರು. ಆದರೂ ಕೈ ತಾನಾಗಿ ಸೆರಗಿನ ತುದಿ ಹಿಡಿದುಕೊಂಡಿತು.

ಗಾಯಕಿಯ ಗಂಡ ಅಲ್ಲೇ ಕುರ್ಚಿಗೆ ಕುಸಿದ. “ಅತ್ತೆ, ಬದುಕಿದಾಳೆ,” ಎಂದು ಮುಖ ಮುಚ್ಚಿಕೊಂಡ. ತಾಯಿ ಮಾತ್ರ ಅಳಲಿಲ್ಲ. ಕತ್ತು ಓರೆ ಮಾಡಿ ಬಹಳ ಹೊತ್ತು ಕೇಳಿದರು. ಗೊತ್ತಾಗುತ್ತಿಲ್ಲ, ಅಂದರು. ಚಿಕ್ಕಂದಿನಲ್ಲಿ ಪಕ್ಕದಲ್ಲಿ ಮಲಗಿಸಿಕೊಂಡಾಗ ಅವಳ ಉಸಿರು ಹೀಗಿರಲಿಲ್ಲ, ಇದರಲ್ಲಿ ಏನೋ ತಣ್ಣಗಿದೆ.

ಇನ್ಸ್‌ಪೆಕ್ಟರಮ್ಮ ಮಾಮನನ್ನು ಬದಿಗೆ ಕರೆದು ವಿಚಾರಿಸಿದರು. ಈ ಪುಟ್ಟ ಮೈಕಿನ ಸಿಗ್ನಲ್ ಎಷ್ಟು ದೂರ ಹೋದೀತು? ಈ ಕಟ್ಟಡ ದಾಟುವುದಿಲ್ಲ. ಒಮ್ಮೆ ಬ್ಯಾಟರಿ ಹಾಕಿದರೆ ಎಷ್ಟು ಹೊತ್ತು? ಒಂದು ಹಗಲು. ಹಾಗಾದರೆ ಹೋದ ವಾರ ಹಾಕಿದ ಬ್ಯಾಟರಿ ಇದಲ್ಲ. ಯಾರೋ ಹೊಸದು ಹಾಕಿದ್ದಾರೆ, ಅದೂ ಇವತ್ತು, ಇದೇ ಕಟ್ಟಡದೊಳಗೆ. ಮಾಮ ನೆಲ ನೋಡುತ್ತ ನಿಂತ.

ಆಮೇಲೆ ಅವನೇ ಒಂದು ಮಾತು ತೆಗೆದ. ಇದನ್ನೆಲ್ಲ ನಾಳೆಗೆ ಇಟ್ಟುಕೊಳ್ಳಬಹುದಲ್ಲ, ಜನ ಬರುವ ಹೊತ್ತಾಯಿತು. ಸಭಾಂಗಣ ತುಂಬಿತೆಂದರೆ ಸಿಗ್ನಲ್ಲಿನ ಸುಳಿವೂ ಇರುವುದಿಲ್ಲ. ಅಷ್ಟು ಜನರ ಮೈಯೇ ಅದನ್ನು ಕುಡಿದುಬಿಡುತ್ತದೆ, ಉಳಿದದ್ದು ಅವರ ಫೋನುಗಳ ಗದ್ದಲದಲ್ಲಿ ಮುಳುಗುತ್ತದೆ.

“ಹಾಗಾದ್ರೆ ಈಗಲೇ ಹುಡುಕಬೇಕು,” ಎಂದರು ಇನ್ಸ್‌ಪೆಕ್ಟರಮ್ಮ.

ಹುಡುಕುವ ಉಪಾಯ ಅವರದೇ. ಮೈಕಿಗೆ ಕಿವಿಯಿದೆ, ಕಾಲಿಲ್ಲ. ಗೋಡೆ, ನೆಲ, ಕಂಬ ತಟ್ಟುತ್ತ ಹೋಗುವುದು. ತಟ್ಟಿದ ಸದ್ದು ಸ್ಪೀಕರಿನಲ್ಲಿ ಎಲ್ಲಿ ಜೋರಾಗುತ್ತದೋ ಅಲ್ಲಿ ಮೈಕು. ಗಾಯಕಿಯ ಗಂಡ ಕಣ್ಣೊರೆಸಿಕೊಂಡು ಎದ್ದ. “ನೀವು ಹೋಗಿ ಮೇಡಂ. ನಾನಿಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೂತ್ಕೊಂಡು ಹೇಳ್ತೀನಿ. ಅತ್ತೇನೂ ನೋಡ್ಕೊಂಡ ಹಾಗಾಗುತ್ತೆ.”

ಎಂಥ ಮನುಷ್ಯ, ಎಂದುಕೊಂಡರು ಇನ್ಸ್‌ಪೆಕ್ಟರಮ್ಮ. ಈ ವಾರವಿಡೀ ಅತ್ತೆಯ ಮಾತ್ರೆಯಿಂದ ಹಿಡಿದು ಇವರ ಚಹಾದ ಸಕ್ಕರೆಯವರೆಗೆ ಎಲ್ಲವನ್ನೂ ನೆನಪಿಟ್ಟುಕೊಂಡವನು. ಇವರಿಗೆ ಕಾರಿನ ಬಾಗಿಲನ್ನೂ ಅವನೇ ತೆರೆಯುತ್ತಿದ್ದ. ತಮ್ಮ ಸೇವೆಯ ಕಾಲದಲ್ಲಿ ಯಾರೂ ಇವರಿಗೆ ಬಾಗಿಲು ತೆರೆದಿರಲಿಲ್ಲ, ಹೆಚ್ಚಿನವರು ಮುಚ್ಚುತ್ತಿದ್ದರು.

ಟಕ್ ಟಕ್ ಟಕ್. ವೇದಿಕೆಯ ಬಲಗೋಡೆ. ಸ್ಪೀಕರಿನಲ್ಲಿ ಬರೀ ಉಸಿರು.

ಟಕ್ ಟಕ್ ಟಕ್. ಪರದೆಯ ಹಿಂದಿನ ಕಂಬ. ಏನೂ ಇಲ್ಲ ಎಂದು ಗಂಡ ಕೈಯಾಡಿಸಿದ.

ವೇದಿಕೆಯ ನಡುವೆ, ಗಾಯಕಿ ಕೂತು ಹಾಡಿದ ಜಾಗದಲ್ಲಿ, ಇನ್ಸ್‌ಪೆಕ್ಟರಮ್ಮ ಮಂಡಿಯೂರಿ ನೆಲ ತಟ್ಟಿದರು. ಅವರ ಗೆಣ್ಣಿನ ಸದ್ದು ಒಂದು ಸಲ ಕೈಕೆಳಗೆ ಕೇಳಿತು, ಇನ್ನೊಂದು ಸಲ ತಲೆಯ ಮೇಲೆ, ಬಹಳ ದೂರದಿಂದ ಯಾರೋ ಉತ್ತರ ಕೊಟ್ಟಂತೆ.

“ಕೆಳಗೆ!” ಎಂದ ಗಂಡ.

ವೇದಿಕೆಯ ಅಡಿಗೆ ಹೋಗುವ ಬಾಗಿಲು ಬದಿಯಲ್ಲಿತ್ತು, ಸೊಂಟದೆತ್ತರ. ಬಗ್ಗಿ ನುಗ್ಗಬೇಕು. ಮಾಮ ಟಾರ್ಚು ಹಿಡಿದು ಹಿಂದೆ ಬಂದ, ಬರದಿದ್ದರೆ ಇವರು ಬಿಡುತ್ತಿರಲಿಲ್ಲ ಅನ್ನಿ. ಒಳಗೆ ಹಳೆಯ ನಾಟಕಗಳ ಅವಶೇಷ. ಕಾಲು ಮುರಿದ ಸಿಂಹಾಸನ, ಹಲಗೆಯ ಮೇಲೆ ಬಿಡಿಸಿದ ಕಾಡು, ರಟ್ಟಿನ ಚಂದ್ರ. ಗೋಡೆಗೆ ಒರಗಿಸಿದ ಕಿಟಕಿಯೊಂದರಲ್ಲಿ ಬಣ್ಣ ಬಳಿದ ಹೆಂಗಸೊಬ್ಬಳು ಹೊರಗೆ ನೋಡುತ್ತಿದ್ದಳು. ಟಾರ್ಚಿನ ಬೆಳಕು ಅವಳ ಮೇಲೆ ಬಿದ್ದಾಗ ಇನ್ಸ್‌ಪೆಕ್ಟರಮ್ಮನ ಎದೆ ಒಮ್ಮೆ ತಪ್ಪಿ ಬಡಿಯಿತು.

ತಲೆಯ ಮೇಲೆ ಸಭಾಂಗಣ ಉಸಿರಾಡುತ್ತಲೇ ಇತ್ತು.

ಅವರು ಕಂಬದಿಂದ ಕಂಬಕ್ಕೆ ತಟ್ಟುತ್ತ ಹೋದರು. ಪ್ರತಿಸಲವೂ ಮೇಲಿನ ಸದ್ದು ದಪ್ಪಗಾಯಿತು. ಕೊನೆಗೆ ಏಸಿ ಗಾಳಿಯ ತಗಡಿನ ಕೊಳವೆಯ ಜಾಲರಿಗೆ ಗೆಣ್ಣು ತಾಗಿಸಿದ್ದೇ ತಡ, ಮೇಲೆ ಗುಡುಗಿದಂತಾಯಿತು. “ಅಲ್ಲೇ, ಅಲ್ಲೇ!” ಎಂಬ ಕೂಗು ಕೇಳಿತು.

ಜಾಲರಿ ಸಡಿಲವಾಗಿಯೇ ಇತ್ತು. ಕಿತ್ತು ನೋಡಿದರೆ ಒಳಗೆ, ತಗಡಿನ ಗೋಡೆಗೆ ಟೇಪು ಹಾಕಿ ಅಂಟಿಸಿದ ಬೆಂಕಿಪೊಟ್ಟಣದ ಗಾತ್ರದ ಮೈಕಿನ ಡಬ್ಬಿ. ಅದರ ತಲೆಯ ಹಸಿರು ಚುಕ್ಕಿ ಬೆಳಗುತ್ತಿತ್ತು. ಗಾಯಕಿ ಇರಲಿಲ್ಲ. ಯಾರೂ ಇರಲಿಲ್ಲ. ಕೊಳವೆಯೊಳಗಿನ ತಗಡಿನ ರೆಪ್ಪೆಯೊಂದು ಗಾಳಿಗೆ ಮೆಲ್ಲಗೆ ತೆರೆದುಕೊಳ್ಳುತ್ತಿತ್ತು, ಮುಚ್ಚಿಕೊಳ್ಳುತ್ತಿತ್ತು. ಅದೇ ಆ ಉಸಿರು.

ಮೇಲೆ ಕೂತ ಆ ಮುದಿಜೀವಕ್ಕೆ ಇನ್ನು ಏನು ಹೇಳುವುದು ಎಂದು ಇನ್ಸ್‌ಪೆಕ್ಟರಮ್ಮನಿಗೆ ಸಂಕಟವಾಯಿತು. ಆ ಸಂಕಟವೇ ಮರುಕ್ಷಣ ಸಿಟ್ಟಾಯಿತು. ಟೇಪಿನ ತುದಿ ಅವರ ಕಣ್ಣಿಗೆ ಬಿದ್ದಿತ್ತು. ತುದಿಯನ್ನು ಒಳಕ್ಕೆ ಮಡಚಿ ಪುಟ್ಟ ಕಿವಿ ಮಾಡಿತ್ತು, ಬಿಚ್ಚುವಾಗ ಉಗುರಿನಿಂದ ಕೆರೆಯಬೇಕಿಲ್ಲ. ಈ ಸಭಾಂಗಣದ ಪ್ರತಿ ವೈರಿನ ಮೇಲೂ ಅಂಥದೇ ಕಿವಿಯನ್ನು ಅವರು ಒಂದು ವಾರದಿಂದ ನೋಡುತ್ತಿದ್ದರು. ಹತ್ತಾರು ವರ್ಷ ಬೆರಳಿಗೆ ಕೂತ ರೂಢಿ. ಕಳ್ಳತನ ಮಾಡುವಾಗಲೂ ಬೆರಳು ಅದನ್ನು ಬಿಟ್ಟಿರಲಿಲ್ಲ.

ಅವರು ಹೋಗಿ ಆ ಕುಳ್ಳ ಬಾಗಿಲನ್ನು ಎಳೆದು ಮುಚ್ಚಿ ಬಂದು, ಮೈಕಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಶುರು ಮಾಡಿದರು.

“ಇದು ನಿಮ್ಮ ಟೇಪು.”

“ಹೂಂ.”

“ಇವತ್ತು ಹಾಕಿದ್ದು.”

“ಬೆಳಿಗ್ಗೆ.”

“ಅವಳ ಮೈಕು ನಿಮ್ಮ ಕೈಗೆ ಹೇಗೆ ಬಂತು? ಅವಳೆಲ್ಲಿ?”

“ಇದು ಅವಳದಲ್ಲ ಮೇಡಂ. ಇದು ಸ್ಪೇರ್ ಮೈಕು. ನಾನೇ ಇದನ್ನ ನಾಲ್ಕನೇ ನಂಬರಿಗೆ ತಿರುಗಿಸಿ ಇಟ್ಟೆ.”

“ಯಾಕೆ? ಆ ತಾಯಿನ ಅಳಿಸೋಕಾ?”

ಮಾಮ ತಲೆಯೆತ್ತಿ ಮೇಲಿನ ಹಲಗೆಗಳ ಕಡೆ ನೋಡಿದ. ಅಲ್ಲಿ ಕೂತವನಿಗೆ ಕೇಳೀತೆಂದು ಹೆದರಿದವನ ನೋಟ ಅದು. ಇನ್ಸ್‌ಪೆಕ್ಟರಮ್ಮ ಅದನ್ನು ಕಳ್ಳನ ನೋಟವೆಂದು ತಿಳಿದರು. ಅವರ ಆಯುಷ್ಯದ ದೊಡ್ಡ ತಪ್ಪುಗಳಲ್ಲಿ ಇದೊಂದು, ಮತ್ತು ಅದರ ಮೇಲೊಂದು ತಪ್ಪನ್ನು ಅವರು ಕೂಡಲೇ ಮಾಡಿದರು. ಡಬ್ಬಿಯ ಮುಚ್ಚಳ ತೆಗೆದು ಬ್ಯಾಟರಿಗೆ ಉಗುರು ಹಾಕಿದರು.

“ಬೇಡ ಮೇಡಂ. ಅದು ಹಾಗೇ ಇರಲಿ. ಕೈ ಮುಗಿತೀನಿ.”

ಬ್ಯಾಟರಿ ಚಿಮ್ಮಿ ಅಂಗೈಗೆ ಬಿತ್ತು. ಹಸಿರು ಚುಕ್ಕಿ ಆರಿತು. ಮೇಲೆ ಉಸಿರು ನಿಂತಿತು.

ಸಭಾಂಗಣ ಒಂದು ಕ್ಷಣ ಬಾವಿಯಷ್ಟು ಮೌನವಾಯಿತು.

ಆಮೇಲೆ ಮತ್ತೆ ಉಸಿರು ಬಂತು.

ಇದು ಬೇರೆ ಉಸಿರು. ಸಣ್ಣದು, ಬಿಸಿಯಾದದ್ದು, ನಡುನಡುವೆ ಮೂಗೆಳೆಯುವಂಥದು. ಇನ್ಸ್‌ಪೆಕ್ಟರಮ್ಮ ಕೈಯಲ್ಲಿದ್ದ ಡಬ್ಬಿ ನೋಡಿದರು. ಹೊಟ್ಟೆ ಖಾಲಿ. ಬ್ಯಾಟರಿ ಇನ್ನೊಂದು ಕೈಯಲ್ಲಿ. ಆದರೂ ತಲೆಯ ಮೇಲೆ ಒಂದು ಜೀವ ಉಸಿರಾಡುತ್ತಿತ್ತು. ಅವರು ಹಿಂದಕ್ಕೆ ಸರಿದರು. ರಟ್ಟಿನ ಚಂದ್ರ ಹೆಗಲಿಗೆ ತಾಗಿ ಉರುಳಿಬಿತ್ತು.

ಆಗ ಸ್ಪೀಕರು ಮಾತಾಡಿತು. ಗಂಟಲು ಒಡೆದ, ಆದರೂ ಊರೆಲ್ಲ ಬಲ್ಲ ಧ್ವನಿ.

“ಮಾಮ... ಇವತ್ತು ಯಾಕಿಷ್ಟು ಹೊತ್ತು? ನೀನು ಗಾಳಿ ನೋಡೋ ಹೊತ್ತು ದಾಟ್ತು. ಈ ಲಿಫ್ಟ್ ಮೋಟಾರಿನ ಪಕ್ಕ ಮಲಗಿ ಮಲಗಿ ತಲೆ ಸಿಡೀತಿದೆ.”

ಮೊದಲ ಸಾಲಿನಿಂದ ತಾಯಿಯ ಕೂಗು ಕೇಳಿತು. ಅದರಲ್ಲಿ ದುಃಖವೋ ಸಂತೋಷವೋ ತಿಳಿಯಲಿಲ್ಲ.

ಮಾಮ ಎರಡೂ ಕೈಯಿಂದ ತಲೆ ಹಿಡಿದುಕೊಂಡ. “ಒಂದೇ ನಂಬರಿಗೆ ಎರಡು ಮೈಕಿದ್ರೆ ಹತ್ತಿರದ್ದು ಗೆಲ್ಲುತ್ತೆ ಮೇಡಂ, ದೂರದ್ದು ಅದರಡೀಲಿ ಅಡಗಿ ಹೋಗುತ್ತೆ. ಇವತ್ತು ಇಲ್ಲಿ ಜನ ಇರ್ತಾರೆ ಅಂತ, ಅವಳನ್ನ ಅಡಗಿಸೋಕೆ ಇದನ್ನ ಇಟ್ಟಿದ್ದೆ. ನೀವು ಆ ಪೆಟ್ಟಿಗೆ ಮುಟ್ಟೋ ಹಾಗಿಲ್ಲ ಅಂತ ಸೀಲ್ ಹಾಕಿದ್ರಿ, ಇನ್ನೇನು ಮಾಡ್ಲಿ?”

“ಯಾರಿಂದ ಅಡಗಿಸೋಕೆ?”

ಕೇಳಿದ ಕೂಡಲೇ ಅವರಿಗೆ ಉತ್ತರ ಗೊತ್ತಾಯಿತು. ಆದರೂ ಮಾಮ ಹೇಳಿದ: ಅವಳ ಗಂಡನಿಂದ. ಹೇಳಬೇಕಾದ್ದು ಬಹಳವಿತ್ತು, ಹೊತ್ತು ಇರಲಿಲ್ಲ, ಮಾತು ಒಂದರ ಮೇಲೊಂದು ಬಿದ್ದಿತು. ಅವಳು ಮೈಕಿನ ಡಬ್ಬಿಯನ್ನು ಯಾವಾಗಲೂ ಎಡಸೊಂಟಕ್ಕೆ ಸಿಕ್ಕಿಸಿಕೊಳ್ಳುವವಳು. ಈ ಮಳೆಗಾಲದಿಂದ ಬಲಕ್ಕೆ ಬದಲಾಯಿಸಿದಳು. ಕೇಳಿದ್ದಕ್ಕೆ ಎಡಗಡೆ ಪಕ್ಕೆ ನೋಯುತ್ತದೆ ಎಂದಳು. ಆಮೇಲೆ ಕೊರಳಪಟ್ಟಿಗೆ ಮೈಕು ಚುಚ್ಚಿಕೊಳ್ಳಲು ತೋಳೆತ್ತಲಾರದೆ ಹೋದಳು. ಮೂವತ್ತು ವರ್ಷ ಹಾಡುವವರಿಗೆ ಮೈಕು ಕೊಟ್ಟವನಿಗೆ ಮೈಯ ನೋವು ಬಟ್ಟೆಯ ಮೇಲಿಂದಲೇ ಗೊತ್ತಾಗುತ್ತದೆ. ಡಾಕ್ಟರು ಹಾಡಬೇಡಿ ಎಂದಿದ್ದರಂತೆ, ಹಾಡಲಾರೆ ಎಂದ ದಿನವೆಲ್ಲ ಗಂಡ ಕೈ ಮಾಡಿ, ಕೋಣೆಯ ಬಾಗಿಲು ಹೊರಗಿನಿಂದ ಹಾಕುತ್ತಿದ್ದನಂತೆ. ದೀಪ ಆರಿಸಿದ್ದು ಮಾಮನೇ. ಮೇಲೆ ಲಿಫ್ಟ್ ಮೋಟಾರಿನ ಕೋಣೆಗೆ ಅವಳನ್ನು ಹತ್ತಿಸಿ, ಮೈ ಗಟ್ಟಿಯಾಗುವವರೆಗೆ ಇಲ್ಲೇ ಇರು, ಆಮೇಲೆ ದೂರ ಕಳಿಸುತ್ತೇನೆ ಎಂದಿದ್ದು ಅವನೇ. ಫೋನು ಗಂಡನ ಕೈಯಲ್ಲಿ. ಉಳಿದದ್ದು ಈ ಮೈಕು. ದಿನಾ ಗಾಳಿ ನೋಡುವ ಹೊತ್ತಿಗೆ ಅವಳು ಅದನ್ನು ಆನ್ ಮಾಡುತ್ತಾಳೆ, ಇವನು ಹೆಡ್‌ಫೋನಿನಲ್ಲಿ ಕೇಳುತ್ತಾನೆ, ಯಾರೂ ಇಲ್ಲದಿದ್ದರೆ ಹಳದಿ ಗುಂಡಿ ಒತ್ತಿ ಉತ್ತರ ಕೊಡುತ್ತಾನೆ.

“ಅವಳ ತಾಯಿಗೆ ಯಾಕೆ ಹೇಳ್ಲಿಲ್ಲ?”

“ಆಯಮ್ಮ ಅವನ ಮನೇಲೇ ಇರೋದು. ಮುಖ ನೋಡೇ ತಿಳ್ಕೊಂಡ್ಬಿಡ್ತಾನೆ.”

ಹಳದಿ ಗುಂಡಿ. ಇವನು ಮೊದಲು ಮೈಕ್ ಟೆಸ್ಟ್ ಅಂದದ್ದು ಮೇಲಿದ್ದವಳಿಗೆ ಸುದ್ದಿ ಮುಟ್ಟಿಸಲಿಕ್ಕೆ. ತಾವು ಅವನ ಕೈ ತಡೆದಿದ್ದರು. ಇನ್ಸ್‌ಪೆಕ್ಟರಮ್ಮನಿಗೆ ತಮ್ಮ ಬಗ್ಗೆಯೇ ಅಸಹ್ಯವಾಯಿತು. ಬಾಗಿಲು ತೆರೆದುಕೊಟ್ಟವನನ್ನು ಒಳ್ಳೆಯವನೆಂದುಕೊಂಡ ಮುಠ್ಠಾಳತನಕ್ಕೆ ಅವರಿಗೆ ಬೇರೆ ಹೆಸರು ಸಿಗಲಿಲ್ಲ.

ಸ್ಪೀಕರಿನಲ್ಲಿ ಏನೋ ಬದಲಾಯಿತು. ಗುಂಯ್ ಎಂದು ಒಂದು ಮೋಟಾರು ಎಚ್ಚೆತ್ತಿತು. ದಪ್ಪ ಹಗ್ಗವೊಂದು ಸುತ್ತಿಕೊಳ್ಳುವ ಕಿರುಗುಟ್ಟುವಿಕೆ.

“ಲಿಫ್ಟ್ ಮೇಲೆ ಬರ್ತಿದೆ,” ಎಂದಿತು ಧ್ವನಿ, ಸ್ವಲ್ಪ ಗೆಲುವಾಗಿ. “ನೀನೇನಾ ಮಾಮ?”

ವೇದಿಕೆಯಡಿಯಲ್ಲಿ ಮಾಮ ಇನ್ಸ್‌ಪೆಕ್ಟರಮ್ಮನ ಮುಖ ನೋಡಿದ. ಅವರು ಇವನ ಮುಖ ನೋಡಿದರು.

ಆಮೇಲೆ ಯಾರು ಮೊದಲು ಬಾಗಿಲಿಗೆ ನುಗ್ಗಿದರೋ ಹೇಳಲಾಗದು. ಮಾಮನ ತಲೆ ತೊಲೆಗೆ ಬಡಿಯಿತು, ಅವನು ನಿಲ್ಲಲಿಲ್ಲ. ಹೊರಗೆ ಬಿದ್ದವನೇ ಮೆಟ್ಟಿಲ ಕಡೆ ಓಡಿದ. ಮಂಡಿ ಹಿಡಿದುಕೊಂಡು ನಡೆಯುವ ಮನುಷ್ಯ ಎರಡೆರಡು ಮೆಟ್ಟಿಲು ಹಾರಿದ್ದನ್ನು ಇನ್ಸ್‌ಪೆಕ್ಟರಮ್ಮ ನೋಡಿದರು. ಆದರೆ ಲಿಫ್ಟು ಮೊದಲೇ ಹೊರಟಾಗಿತ್ತು, ಮಹಡಿಗಳು ಬಹಳವಿದ್ದವು.

ಅವರು ಸೌಂಡು ಮೇಜಿನ ಕಡೆ ಓಡಿದರು. ಕುರ್ಚಿ ಖಾಲಿ. ಹೆಡ್‌ಫೋನು ಅದರ ಕೈಯಿಂದ ಜೋತಾಡುತ್ತಿತ್ತು. ನೀರಿನ ಬಾಟಲಿಯನ್ನು ಮುಚ್ಚಳ ಹಾಕಿ ಅಚ್ಚುಕಟ್ಟಾಗಿ ಬದಿಗಿಟ್ಟಿತ್ತು.

ತಾಯಿ ಎದ್ದು ನಿಂತಿದ್ದರು. ಕೆನ್ನೆಯೆಲ್ಲ ಒದ್ದೆ, ಮುಖದಲ್ಲಿ ಹಬ್ಬದ ಕಳೆ. “ಇದ್ದಾಳೆ ನನ್ನ ಮಗಳು,” ಎಂದರು. “ಅಳಿಯಂದ್ರು ಹೋದ್ರಮ್ಮ, ಕರ್ಕೊಂಡು ಬರೋಕೆ. ಧ್ವನಿ ಕೇಳಿದ್ದೇ ತಡ, ಒಂದು ಕ್ಷಣ ನಿಲ್ಲಲಿಲ್ಲ ನೋಡು.”

ಇನ್ಸ್‌ಪೆಕ್ಟರಮ್ಮ ಹಳದಿ ಗುಂಡಿ ಒತ್ತಿದರು. ಎದುರಿಗಿದ್ದ ಮೈಕು ಎತ್ತಿ ಅದರೊಳಗೆ ಕೂಗಿದರು. ಸಭಾಂಗಣದಲ್ಲಿ ಏನೂ ಕೇಳಲಿಲ್ಲ. ಇನ್ನೊಂದು ಎತ್ತಿದರು. ಅದೂ ಸತ್ತಿತ್ತು. ಆಗ ನೆನಪಾಯಿತು. ಗಾಳಿ ನೋಡಬೇಕೆಂದು ಎಲ್ಲದರ ಹೊಟ್ಟೆ ಖಾಲಿ ಮಾಡಿಸಿದ್ದು ತಾವೇ.

ಗುಡ್ಡೆಯಿಂದ ಬ್ಯಾಟರಿ ಬಾಚಿದರು. ಒಂದು ನೆಲಕ್ಕುರುಳಿತು. ಇನ್ನೊಂದು ತಿರುವುಮುರುವಾಗಿ ಕೂತಿತು.

ಸ್ಪೀಕರಿನಲ್ಲಿ ಮೋಟಾರು ನಿಂತಿತು. ಲಿಫ್ಟಿನ ಜಾಲರಿ ಬಾಗಿಲು ಸರಿದ ಸದ್ದು. ಅವಸರವಿಲ್ಲದ ಹೆಜ್ಜೆ.

ಟಕ್ ಟಕ್ ಟಕ್.

ಒಂದು ಗಂಟೆಯಿಂದ ಇನ್ಸ್‌ಪೆಕ್ಟರಮ್ಮ ಗೋಡೆಗಳ ಮೇಲೆ ತಟ್ಟಿದ್ದು ಹೀಗೆಯೇ. ಕೂತು ಕೇಳಿದವನು ಚೆನ್ನಾಗಿ ಕಲಿತಿದ್ದ.

“ಬಂದೆ ಮಾಮ, ಇರು,” ಎಂದಳು ಗಾಯಕಿ. ಚಾಪೆಯಿಂದ ಏಳುವ ಸದ್ದು, ನೋವಿಗೆ ಹಲ್ಲು ಕಚ್ಚಿದ ಸಣ್ಣ ನರಳಿಕೆ. ಬರಿಗಾಲು ನೆಲದ ಮೇಲೆ ಬಾಗಿಲ ಕಡೆ ಎಳೆದುಕೊಂಡು ಹೋಯಿತು.

ಬ್ಯಾಟರಿ ಕೂತಿತು. ಮೈಕಿನ ಚುಕ್ಕಿ ಹಸಿರಾಯಿತು.

“ಬಾಗಿಲು ತೆಗೀಬೇಡ!” ಇನ್ಸ್‌ಪೆಕ್ಟರಮ್ಮನ ಧ್ವನಿ ಸಭಾಂಗಣವನ್ನು ತುಂಬಿ, ಮಹಡಿಗಳ ಓಣಿಗಳಲ್ಲಿ ಹೊರಳಿ, ಅಲ್ಲಿಂದ ನಾಲ್ಕನೆಯ ಮೈಕಿಗೆ ಬಿದ್ದು ಅವರಿಗೇ ಮರಳಿ ಕೇಳಿಸಿತು. “ಹೊರಗಿರೋದು ಮಾಮ ಅಲ್ಲ, ನಿನ್ನ ಗಂಡ!”

ಮೇಲೆ ಬರಿಗಾಲಿನ ಸದ್ದು ನಿಂತಿತು. ಉಸಿರೂ ನಿಂತಿತು.

ಮೊದಲ ಸಾಲಿನಲ್ಲಿ ತಾಯಿಯ ಮುಖದ ಕಳೆ ಮೆಲ್ಲಮೆಲ್ಲಗೆ ಇಳಿಯಿತು. ಅಳಿಯ ಎದ್ದು ಹೋದ ದಾರಿಯನ್ನು ಅವರು ಒಮ್ಮೆ ನೋಡಿದರು, ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡರು. ಮಗಳು ಮನೆಯಲ್ಲಿ ತೋಳೆತ್ತಲಾರದೆ ತಲೆ ಬಾಚಿಕೊಡೆಂದು ಬಂದು ಕೂತ ಬೆಳಗುಗಳೆಲ್ಲ ಆಗ ಅವರ ಕಣ್ಣ ಮುಂದೆ ಬಂದಿರಬೇಕು.

ಸ್ಪೀಕರಿನಲ್ಲಿ ಕಬ್ಬಿಣದ ಚಿಲಕವೊಂದು ಖಟ್ಟನೆ ಸರಿದ ಸದ್ದು ಕೇಳಿಸಿತು.

ಮರುಕ್ಷಣ ಕಪಾಟಿನಲ್ಲಿ ನಾಲ್ಕರ ದೀಪ ಆರಿತು. ಸಭಾಂಗಣದಲ್ಲಿ ಏನೂ ಉಳಿಯಲಿಲ್ಲ.

ತಾಯಿ ಕುರ್ಚಿಗಳ ಬೆನ್ನು ಹಿಡಿದುಕೊಂಡು ಹತ್ತಿರ ಬಂದರು. ಅವರ ಧ್ವನಿ ಬಹಳ ಸಣ್ಣದಾಗಿತ್ತು.

“ಏನಮ್ಮಾ, ಅವಳು ಚಿಲಕ ಹಾಕಿದ್ದಾ, ತೆಗೆದಿದ್ದಾ?”